ಅವ್ವನ ಎಂಟು ಮಾರು

ತೊಳೆದಿಟ್ಟ ಹಾಲಿನ ಪಾತ್ರೆಯಷ್ಟು ಬೆಳ್ಳಗಿದೆ ನೌಕೆ.
ಹನೋಯಿಯ ತ್ವಾನ್ ಯಜಮಾನರದ್ದು, ಕೊಂಡು ತಿಂಗಳಾಗಿಲ್ಲ,
ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೂಡ ಕಿತ್ತಿಲ್ಲ,
ಕೂತವರು ಮಗ್ಗುಲು ಬದಲಿಸಿದಾಗೆಲ್ಲ ಚರಚರ.
ನಾನು ಲ್ವಾನ್. ದಿನಗೂಲಿಯ ಮೇಲೆ ಚುಕ್ಕಾಣಿ ಹಿಡಿಯುವವನು.
ಚಪ್ಪಲಿ ದಡದಲ್ಲೇ ಬಿಟ್ಟು ಬಂದಿದ್ದೇನೆ,
ತೇಗದ ಹಲಗೆಗೆ ಗೀರು ಬೀಳಬಾರದಂತೆ.

ಲಾನ್ ಹಾ ಕೊಲ್ಲಿ. ಮಂಜಿನೊಳಗಿಂದ
ಒಂದೊಂದೇ ನಡುಗಡ್ಡೆ ಎದ್ದು ಕೂರುತ್ತದೆ
ನಿದ್ದೆಗಣ್ಣಲ್ಲಿ, ತಲೆ ಕೆದರಿಕೊಂಡು.
ಬುಡ ಮಾತ್ರ ಉಪ್ಪುನೀರು ತಿಂದು ತಿಂದು ಸಣ್ಣಗಾಗಿದೆ.

ಯಜಮಾನಿ ಫೋನು ಎತ್ತಿ ಕೇಳುತ್ತಾರೆ: ಇದರ ಹೆಸರೇನು?
ಆಮೆ ದ್ವೀಪ, ಅನ್ನುತ್ತೇನೆ.
ಅದು? ಜೋಡಿ ಹುಂಜ.
ಆಚೆಯದು? ಮುದುಕನ ಟೋಪಿ.
ಪ್ರವಾಸಿಗರಿಗೆ ಹೇಳುವ ಹೆಸರುಗಳು,
ಬಾಯಿಪಾಠ ಮಾಡಿದ್ದೇನೆ, ಸರ್ಟಿಫಿಕೇಟೂ ಇದೆ.

ನಮ್ಮ ಮನೆಯಲ್ಲಿ ಬೇರೆ ಹೆಸರಿದ್ದವು.
ಅಕ್ಕಿ ನೆಂದ ಬಂಡೆ.
ತಂಗಿ ಹುಟ್ಟಿದ ಸಂದು.
ಅಜ್ಜ ಸಿಟ್ಟು ಮಾಡಿಕೊಂಡು ಮೂರು ದಿನ ಕೂತ ದಿಬ್ಬ.
ಮಾವನ ದೋಣಿ. ಅದಕ್ಕಿಂತ ಹೆಚ್ಚು ಯಾರೂ ಹೇಳುತ್ತಿರಲಿಲ್ಲ,
ಅದರ ಮುಂದೆ ಹಾಯುವಾಗ ಅವ್ವ
ಹುಟ್ಟು ಮೇಲೆತ್ತಿ ಹಿಡಿಯುತ್ತಿದ್ದಳು
ನೀರಿಗೆ ತಾಗದ ಹಾಗೆ.

ಮಧ್ಯಾಹ್ನ ಗಾಳಿ ಬಿತ್ತು. ಇಲ್ಲೇ ನಿಲ್ಲಿಸು, ಅಂದರು ಯಜಮಾನರು,
ಈಜಬೇಕಂತೆ, ಏಡಿ ಬೇಯಿಸಬೇಕಂತೆ.
ಪರದೆಯ ಮೇಲೆ ಆಳ ಮೂಡಿತು: ಹನ್ನೆರಡು ಮೀಟರ್.
ನಾನು ನೋಡಬೇಕಾಗಿರಲಿಲ್ಲ.
ಇದು ಅವ್ವನ ಎಂಟು ಮಾರು.
ಕಲ್ಲು ಕಟ್ಟಿ ಬಿಟ್ಟ ಹಗ್ಗವನ್ನು ಮೇಲೆಳೆಯುತ್ತ
ಎರಡೂ ಕೈ ಚಾಚಿ ಎದೆಗೊತ್ತಿ ಅಳೆಯುತ್ತಿದ್ದಳು.
ಕುಳ್ಳಿ, ಅವಳ ಮಾರು ಗಿಡ್ಡ.
ಅಪ್ಪನ ಲೆಕ್ಕದಲ್ಲಿ ಅದೇ ನೀರು ಏಳು.
ಯಾವುದು ಸರಿ ಅಂತ ರಾತ್ರಿಯಿಡೀ ಜಗಳ.
ಕೊಲ್ಲಿ ಯಾರ ಪರವೂ ವಹಿಸದೆ
ಕೆಳಗಿನಿಂದ ಮನೆಯನ್ನು ತೂಗುತ್ತಿತ್ತು.

ಹೌದು, ಇಲ್ಲೇ ಇತ್ತು ಮನೆ, ನೀಲಿ ಪೀಪಾಯಿಗಳ ಮೇಲೆ.
ಒಂದು ಕೋಣೆ, ಒಂದು ನಾಯಿ, ನಾಲ್ಕು ಮೀನಿನ ಪಂಜರ.
ಹನ್ನೊಂದು ತುಂಬುವವರೆಗೆ ನನ್ನ ಕಾಲಕೆಳಗಿನದು
ಅಲುಗಾಡುತ್ತಲೇ ಇತ್ತು.
ಎಲ್ಲರನ್ನೂ ದಡಕ್ಕೆ ಸಾಗಿಸಿದ ಮೊದಲ ರಾತ್ರಿ
ಅಲುಗದ ಸಿಮೆಂಟಿನ ಮೇಲೆ ಮಲಗಿ
ವಾಂತಿ ಮಾಡಿಕೊಂಡೆ.

ಸಂಜೆ ಲಂಗರು ಮೇಲೆ ಬರಲಿಲ್ಲ.
ಮೋಟಾರು ಗುರುಗುಟ್ಟಿತು, ಸರಪಳಿ ಬಿಗಿಯಿತು,
ನೌಕೆಯ ಮೂತಿ ನೀರಿಗೆ ಬಾಗಿತು.
ಯಜಮಾನರು ನನ್ನ ಕಡೆ ನೋಡಿದರು.
ಅಂಗಿ ಬಿಚ್ಚಿ ಇಳಿದೆ.
ಹಸಿರು, ಆಮೇಲೆ ಕಂದು, ಆಮೇಲೆ ಕಿವಿಯೊಳಗೆ ಯಾರೋ ಬೆರಳಿಟ್ಟ ನೋವು.
ಕೈಗೆ ತಗುಲಿತು:
ಕಾಂಕ್ರೀಟಿನ ಗುಂಡು, ಸಿಂಪಿ ಮೆತ್ತಿ ಮೆತ್ತಿ ಎರಡರಷ್ಟು ದಪ್ಪ.
ಅದರ ಕಬ್ಬಿಣದ ಬಳೆ
ಹೊಸ ಲಂಗರಿನ ಕೊಕ್ಕೆಯನ್ನು ಹಿಡಿದುಕೊಂಡಿತ್ತು
ಗುರುತು ಸಿಕ್ಕಿದ ಮುದುಕಿ ಸಂತೆಯಲ್ಲಿ ಕೈ ಬಿಡದ ಹಾಗೆ.
ಅಪ್ಪ ಬಕೆಟ್ಟಿನಲ್ಲಿ ಅಚ್ಚು ಹಾಕಿದ್ದು.
ಹಸಿ ಇರುವಾಗ ನಾನು ಒತ್ತಿದ ಅಂಗೈ
ಆ ಸಿಂಪಿಗಳ ಅಡಿ ಎಲ್ಲೋ ಇರಬೇಕು.
ಹುಡುಕುವಷ್ಟು ಉಸಿರಿರಲಿಲ್ಲ.
ಬಿಡಿಸಿದೆ.

ಏನಿತ್ತು? ಅಂದರು.
ಕಲ್ಲು, ಅಂದೆ.
ಬೆರಳು ಕುಯ್ದು ರಕ್ತ ಬಿಳಿ ಹಲಗೆಗೆ ತೊಟ್ಟಿಕ್ಕಿತು, ಒರೆಸಿದೆ.
ಉಯೆನ್, ಅವರ ಏಳು ವರ್ಷದ ಮಗಳು,
ಕರಡಿಯ ಚಿತ್ರವಿದ್ದ ಬ್ಯಾಂಡೇಜು ತಂದು ಸುತ್ತುತ್ತ
ಈ ಜಾಗಕ್ಕೆ ಹೆಸರಿಲ್ಲವಾ? ಅಂತ ಕೇಳಿದಳು.
ಇಲ್ಲ, ನೀನೇ ಇಡು, ಅಂದೆ.
ಏಡಿಯ ಕಾಲು ಚೀಪುತ್ತ ಯೋಚಿಸಿದಳು ಹುಡುಗಿ.
ಲಂಗರು ಸಿಕ್ಕಿಬಿದ್ದ ಜಾಗ, ಅಂದಳು.
ಥೇಟ್ ನಮ್ಮ ಮನೆಯವರ ಹಾಗೆ.

ರಾತ್ರಿ ಬಂದರಿನಿಂದ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ.
ತುಂಬ ಹೊತ್ತು ಟೀವಿಯ ಸದ್ದಷ್ಟೇ ಕೇಳಿಸಿತು.
ಆಮೇಲೆ: ನೀರು ಎಷ್ಟಿತ್ತು?
ಏಳು ಮಾರು, ಅಂದೆ.
ಎಂಟು, ಅಂದು
ಫೋನಿಟ್ಟಳು.